ಉದ್ದವ್ವನ ಹಾಡೂ ಹತ್ತು ವಾಲ್ವೂ

ಇದು ಖರೆ ನಡೆದದ್ದು. ನಂಬದವರು ಗೋಕಾಕಕ್ಕೆ ಹೋಗಿ ಕೇದಾರಿಯನ್ನೇ ಕೇಳಬಹುದು. ಅವನು ಇಲ್ಲವೆನ್ನುತ್ತಾನೆ; ಅದಕ್ಕಿಂತ ಬೇರೆ ಸಾಕ್ಷಿ ಬೇಡ.

೧೯೬೧ರ ಒಂದು ರವಿವಾರ ಬೆಳಿಗ್ಗೆ, ಕೋರ್ಟಿನಲ್ಲಿ ನಕಲು ಬರೆಯುವ ಗುಮಾಸ್ತ ಕೇದಾರಿಯ ರೇಡಿಯೋ ಮೂಕವಾಯಿತು. ಬೇರೆ ದಿನವಾಗಿದ್ದರೆ ಅವನು ಒಂದು ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಿದ್ದ. ಆ ಕೆಲಸದಲ್ಲಿ ಅವನ ಕೈ ಪಳಗಿತ್ತು. ಆದರೆ ಅಂದು ಸಂಜೆ ಆರೂವರೆಗೆ ಅವನ ತಾಯಿ ಉದ್ದವ್ವನ ಬೀಸುವ ಹಾಡು ಧಾರವಾಡ ರೇಡಿಯೋ ಕೇಂದ್ರದಿಂದ ಬರುವುದಿತ್ತು. ಮೂರು ತಿಂಗಳ ಹಿಂದೆ ಹೋಗಿ ಹಾಡಿ ಬಂದಾಗಿನಿಂದ ಮುದುಕಿಯದು ಒಂದೇ ಮಾತು: “ನನ್ನ ದನಿ ಹೆಂಗೈತಿ ಅಂತ ಒಮ್ಮೆ ಕೇಳಿ ಕಣ್ಣ ಮುಚ್ಚತೇನಪಾ.”

ರಿಪೇರಿಯ ಮುರಿಗೆಪ್ಪ ಮದುವೆಗೆಂದು ಮೂಡಲಗಿ ಬಸ್ಸು ಹತ್ತುತ್ತಿದ್ದ. ಮೆಟ್ಟಿಲ ಮೇಲೆ ನಿಂತೇ ಮದ್ದು ಹೇಳಿದ: “ಒಳಗ ಗಾಜಿನ ಬುರುಡಿ ಹಂಗ ಐದು ವಾಲ್ವ್ ಅದಾವ್ರಿ, ಯಾವುದರೆ ಒಂದು ಸತ್ತಿರತೈತಿ. ನಿಮ್ಮ ಬಾಜೂ ಮನಿ ಅಣ್ಣಾಸಾಹೇಬರದೂ ಇದೇ ನಮೂನಿ ರೇಡಿಯೋ. ಅದರಾಗಿಂದ ಒಂದೊಂದ ತಗದು ನಿಮ್ಮದರಾಗ ಹಾಕಿ ನೋಡ್ಕೋಂತ ಹೋಗ್ರಿ. ಯಾವುದು ಹಾಕಿದಾಗ ದನಿ ಬರತೈತೋ, ಆ ಜಾಗಾದಾಗಿಂದು ಸತ್ತದ್ದು.”

ತೊಡಕಿದ್ದದ್ದು ಬಾಜೂ ಮನೆಯಲ್ಲಿ. ಅಣ್ಣಾಸಾಹೇಬನ ಹೆಂಡತಿ ಸತ್ತೆವ್ವನಿಗೂ ಉದ್ದವ್ವನಿಗೂ ಆರು ವರ್ಷದಿಂದ ಮಾತಿಲ್ಲ. ಬಿಸಿಲಿಗಿಟ್ಟ ಶಂಡಿಗೆಯನ್ನು ಯಾರ ಆಡು ತಿಂದಿತೆಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಸಂಜೆ ಐದರ ಹೊತ್ತಿಗೆ ಅಣ್ಣಾಸಾಹೇಬ ಹಿತ್ತಲ ಬಾಗಿಲಿನಿಂದ ಕಳ್ಳಮಾಲಿನಂತೆ ರೇಡಿಯೋ ದಾಟಿಸಿದ.

“ಆಕಿ ದಡ್ಡಿ ಊರಿಂದ ಬಂದ ಬೀಗರನ್ನ ಫಾಲ್ಸ್ ತೋರಸಾಕ ಕರಕೊಂಡ ಹೋಗ್ಯಾಳ್ರಿ. ಆರಕ್ಕ ತಿರುಗಿ ಕೊಡ್ರಿ. ಇಲ್ಲಂದ್ರ ಪೆಟ್ಟಿಗಿ ಜೋಡಿ ನನ್ನ ಬಾಯಿನೂ ಬಂದ್ ಆಗತೈತಿ.”

ಮುರಿಗೆಪ್ಪ ಒಂದೊಂದು ಎಂದಿದ್ದ. ಕೇದಾರಿ ಅಚ್ಚುಕಟ್ಟಿನ ಮನುಷ್ಯ. ಹತ್ತನ್ನೂ ಕಿತ್ತು ಮಣೆಯ ಮೇಲೆ ಎರಡು ಸಾಲಾಗಿ ಇಟ್ಟ. ಬೆರೆತುಹೋಗಬಾರದೆಂದು ಅಣ್ಣಾಸಾಹೇಬನ ಐದಕ್ಕೆ ಕುಂಕುಮದ ಬೊಟ್ಟಿಟ್ಟ. ತನ್ನ ಜಾಣತನಕ್ಕೆ ತಾನೇ ತಲೆದೂಗಿ, ಕೈ ತೊಳೆಯಲು ಹಿತ್ತಲಿಗೆ ಹೋದ.

ತಿರುಗಿ ಬಂದಾಗ ಹತ್ತಕ್ಕೂ ಕುಂಕುಮವಿತ್ತು. ಊದುಬತ್ತಿ ಹೊಗೆಯಾಡುತ್ತಿತ್ತು. ಉದ್ದವ್ವ ಕೈಮುಗಿದು ನಿಂತಿದ್ದಳು.

“ಯವ್ವಾ, ಏನ ಮಾಡಿದಿ ಇದು?”

“ಐದಕ್ಕ ಹಚ್ಚಿ ಐದನ್ನ ಬರೇ ಹಣಿಲೆ ಕುಂಡ್ರಿಸಿದ್ದೆಲ್ಲೋ. ಸಿಟ್ಟಿಗೇಳೂದಿಲ್ಲೇನು ಅವು? ಸಾಲೂ ಚಂದ ಕಾಣಲಿಲ್ಲ, ಗೋಲ ಮಾಡಿ ಇಟ್ಟೇನಿ ನೋಡು.”

ಜೋಡಿಜೋಡಿ ಅವಳಿಗಳಂತಿದ್ದ ಹತ್ತು ಗಾಜಿನ ದೇವರುಗಳು ಕೇದಾರಿಯನ್ನು ದಿಟ್ಟಿಸಿದವು. ಯಾವುದು ಯಾರದೆಂದು ಹೇಳಲು ಯಾವ ಕೋರ್ಟಿಗಾದರೂ ಹದಿನೈದು ವರ್ಷ ಹಿಡಿಯುತ್ತಿತ್ತು. ಅವನ ಬಳಿ ಅರ್ಧ ತಾಸಿತ್ತು.

ಅಂದಾಜಿನಿಂದ ಐದು ಇತ್ತ, ಐದು ಅತ್ತ ತುರುಕಿ ಗುಂಡಿ ತಿರುಗಿಸಿದ. ಅವನ ರೇಡಿಯೋ ಗಂಟಲು ಸರಿಪಡಿಸಿಕೊಂಡು ಮಾತಾಡಿತು. ಅಣ್ಣಾಸಾಹೇಬನದು ತೆಪ್ಪಗಿತ್ತು. ಸತ್ತ ವಾಲ್ವು ಮನೆ ಬದಲಿಸಿತ್ತು.

ಕೇದಾರಿ ಕೆಟ್ಟವನಲ್ಲ. ಮತ್ತೆ ಬಿಚ್ಚಲು ಕೈ ಹಾಕಿದ. ಅಷ್ಟರಲ್ಲಿ ಹಿತ್ತಲಲ್ಲಿ ಅಣ್ಣಾಸಾಹೇಬನ ಕೆಮ್ಮು ಕೇಳಿಸಿತು. ಕೇದಾರಿಯ ಕೈ ತಾನಾಗಿಯೇ ತನ್ನ ರೇಡಿಯೋವನ್ನು ಆರಿಸಿತು.

“ಬೀಗರು ಬಂದ ಕುಂತಾರ್ರಿ. ಓಣಿ ಮಂದಿನ್ನೂ ಕರದಾಳ ಆಕಿ, ಯಾಕೋ ಏನೋ. ನಿಮ್ಮದಕ್ಕ ಜೀವ ಬಂತೇನು?”

“ಇಲ್ರಿ,” ಎಂದ ಕೇದಾರಿ, ಮೂಕ ಪೆಟ್ಟಿಗೆಯನ್ನು ಅವನ ಕೈಗಿಡುತ್ತ. “ನಿಮ್ಮದು ಬಿಸಿ ಆಗಾಕ ಸ್ವಲ್ಪ ಹೊತ್ತ ಹಿಡಿತೈತಿ.”

ಜೀವಮಾನದ ಮೊದಲ ಮೋಸ. ತಾಯಿಗಾಗಿ ಎಂದು ತನಗೆ ತಾನೇ ಹೇಳಿಕೊಂಡ.

ಆರೂವರೆಗೆ ದನಿ ಸಣ್ಣದು ಮಾಡಿ ರೇಡಿಯೋ ಹಚ್ಚಿದ. ಉದ್ದವ್ವನ ಹೆಸರು ಬಂತು. “ಯವ್ವಾ, ಬಾ ಲಗೂನ,” ಎಂದು ಕರೆದ. ಹುಡುಕಿದ. ಅಡುಗೆಮನೆಯಲ್ಲಿಲ್ಲ, ಹಿತ್ತಲಲ್ಲಿಲ್ಲ. ಬಾಲ್ಯದಲ್ಲಿ ಬೆಳಗಿನ ಜಾವ ನಿದ್ದೆಗಣ್ಣಿನಲ್ಲಿ ಕೇಳುತ್ತಿದ್ದ ಆ ದನಿ ಖಾಲಿ ಮನೆಯಲ್ಲಿ ಒಂಟಿಯಾಗಿ ಹಾಡುತ್ತಿತ್ತು.

ಗೋಡೆಯಾಚೆಯಿಂದ ಅಣ್ಣಾಸಾಹೇಬ ಕೂಗಿದ: “ಕೇದಾರಿ, ಅವ್ವಾರು ನಮ್ಮಲ್ಲೇ ಅದಾರ್ರಿ. ಅವರ ಹಾಡ ಕೇಳಸಾಕಂತನ ಸತ್ತೆವ್ವ ಓಣಿನೆಲ್ಲಾ ಕರದಿದ್ಲಂತ. ತಾನೇ ನಿಮ್ಮ ಹಿತ್ತಲಕ್ಕ ಹೋಗಿ ಕೈ ಹಿಡದು ಕರಕೊಂಡ ಬಂದಾಳ. ಏನ ಮಾಡೂದು, ನಮ್ಮ ಪೆಟ್ಟಿಗಿ ಉಸುರ ಬಿಡವಲ್ದು.”

ಕೇದಾರಿ ಎದ್ದ. ತನ್ನ ರೇಡಿಯೋ ಹೊತ್ತು ಓಡಬಹುದಿತ್ತು. ಆದರೆ ಸತ್ತ ರೇಡಿಯೋ ಅರ್ಧ ತಾಸಿನಲ್ಲಿ ಎದ್ದದ್ದು ಹೇಗೆಂದು ಓಣಿಗೆಲ್ಲ ಹೇಳಬೇಕಾಗುತ್ತಿತ್ತು. ಕುಳಿತ. ದನಿಯನ್ನು ಇನ್ನಷ್ಟು ಸಣ್ಣದು ಮಾಡಿದ.

“ಪೆಟ್ಟಿಗಿ ಯಾಕ ಬೇಕಬೇ?” ಎಂಬ ಸತ್ತೆವ್ವನ ಮಾತು ಕೇಳಿತು. “ಹಾಡಾಕಿನೇ ಎದುರಿಗೆ ಕುಂತಾಳ. ಹಾಡಬೇ ಯಕ್ಕಾ.”

ಉದ್ದವ್ವ ಹಾಡಿದಳು. ಅದೇ ಹಾಡು, ರೇಡಿಯೋಕ್ಕಿಂತ ಎರಡು ನುಡಿ ಹಿಂದೆ. ರೇಡಿಯೋದವಳು ಮುಗಿಸಿದಳು, ಆಚೆಯವಳೂ ಮುಗಿಸಿದಳು.

“ರೇಡಿಯೋದಾಗೂ ನಿನ್ನ ದನಿ ಹಿಂಗ ಇರತೈತೇನಬೇ?” ಎಂದು ಯಾರೋ ಕೇಳಿದರು.

“ನನಗೇನ ಗೊತ್ತವಾ, ನಾ ಎಲ್ಲಿ ಕೇಳೇನಿ?” ಎಂದಳು ಉದ್ದವ್ವ.

ಓಣಿಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ.