ಇಪ್ಪತ್ತೇಳಕ್ಕೆ ರಾಜಿ

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಮಂಡ್ಯದ ಗ್ಯಾರೇಜ್ ಮಾಲೀಕ ಜಕೀವುಲ್ಲಾ ಊರಿನ ಎರಡು ಚರ್ಚುಗಳ ನಡುವಿನ ಬೈಬಲ್ ಕ್ವಿಜ್‌ನ ತೀರ್ಪುಗಾರನಾದ. ಕ್ಯಾಥೊಲಿಕರಿಗೂ ಪ್ರೊಟೆಸ್ಟೆಂಟರಿಗೂ ಸೇರದ ಒಬ್ಬರು ಬೇಕಿತ್ತು. ‘ನಮ್ ಜಕೀವುಲ್ಲಾ ಬಾಯ್ ಅವ್ರೆ ತಾನೆ, ಕರ್ಕೊಂಡೋಗಿ’ ಎಂದು ಒಪ್ಪಿಸಿದವನು ಪಕ್ಕದ ಪಂಕ್ಚರ್ ಅಂಗಡಿಯ ನಾಗಯ್ಯ. ತಮಾಷೆ ನೋಡಲು ತಾನೂ ಹಿಂದೆಯೇ ಬಂದ.

ಎರಡೂ ಚರ್ಚಿನ ವ್ಯಾನುಗಳು ಜಕೀವುಲ್ಲಾನ ಬಳಿಯೇ ರಿಪೇರಿಯಾಗುತ್ತಿದ್ದವು. ಎರಡೂ ಮುದಿ ವ್ಯಾನುಗಳು. ಅವು ಕೆಟ್ಟಷ್ಟೂ ಅವನ ಸಂಸಾರ ಚೆನ್ನಾಗಿ ಓಡುತ್ತಿತ್ತು.

ಕೊನೆಯ ಪ್ರಶ್ನೆಯ ಹೊತ್ತಿಗೆ ಅಂಕ ಸಮ; ಮೇಜಿನ ಮೇಲೆ ಗೆದ್ದವರಿಗೆ ಕೊಡುವ ಒಂದೇ ಕಪ್ಪು. ಅವನು ಚೀಟಿ ಓದಿದ: ‘ಬೈಬಲಿನಲ್ಲಿ ಎಷ್ಟು ಪುಸ್ತಕಗಳಿವೆ?’ ಉತ್ತರದ ಜಾಗದಲ್ಲಿ ‘ಎಲ್ಲರಿಗೂ ಗೊತ್ತಿರುವುದೇ’ ಎಂದಿತ್ತು.

ಪ್ರೊಟೆಸ್ಟೆಂಟರ ಸ್ಲೇಟು ಎದ್ದಿತು: 66. ಕ್ಯಾಥೊಲಿಕರದು: 73.

‘ಅಂತೋಣಪ್ಪೋರೇ, ಏಳು ಪುಸ್ತಕ ಎಲ್ಲಿಂದ ತಂದ್ರಿ?’ ಎಂದರು ಪ್ರೊಟೆಸ್ಟೆಂಟ್ ತಂಡದ ರೂಪಾ ಟೀಚರ್.

‘ನಾವೇನ್ ತರ್ಲಿಲ್ಲ ಕಣಮ್ಮ, ಇದ್ದುದ್ನ ನೀವು ಕಿತ್ತಾಕಿದ್ದು! ಸಾಬ್ರೆ, ಅರ್ವತ್ತಾರು ಅಂದ್ರೋ, ನಮ್ ವ್ಯಾನು ರಿಪೇರಿಗೆ ಮದ್ದೂರ್ಗೆ ಓಯ್ತದೆ!’ ಎಂದರು ಕ್ಯಾಥೊಲಿಕ್ ತಂಡದ ಅಂತೋಣಪ್ಪ.

‘ಎಪ್ಪತ್ಮೂರು ಅಂದ್ರೆ ನಮ್ದು ಮಳವಳ್ಳಿಗೆ!’

‘ಅರ್ವತ್ತೊಂಬತ್ತೂವರೆ ಅಂದ್ಬುಡ್ಲಾ!’ ಎಂದು ನಾಗಯ್ಯ ಹಿಂದಿನಿಂದ ಕೂಗಿದ.

ನೀರು ಬತ್ತಿದ ರೇಡಿಯೇಟರಿನಂತೆ ಜಕೀವುಲ್ಲಾನ ತಲೆ ಕಾಯಿತು. ಹೊರಗೆ ಹೋಗಿ, ಇತಿಹಾಸ ಎಂ.ಎ. ಓದುತ್ತಿದ್ದ ಮಗಳು ಶಬ್ರೀನ್‌ಗೆ ಫೋನ್ ಮಾಡಿದ.

‘ಅಬ್ಬಾಜಾನ್, ಅವರ ಜಗಳ ಬೈಬಲಿನ ಮೊದಲ ಭಾಗ ಹಳೆ ಒಡಂಬಡಿಕೇದು’ ಎಂದಳು ಅವಳು. ‘ಎರಡನೇ ಭಾಗ ಹೊಸ ಒಡಂಬಡಿಕೆ; ಅದರ ಮೇಲೂ ಹಿಂದೆ ಜಗಳ ಇತ್ತು. ಬಾರ್ನಬನ ಹೆಸರಿನ ಪತ್ರ ಬೇಕು ಅಂತ ಕೆಲವರು, ಬೇಡ ಅಂತ ಕೆಲವರು. ಈಗ ಕೊನೇಲಿರೋ ಪ್ರಕಟನೆ ಗ್ರಂಥದ ಮೇಲೂ ಅನುಮಾನ. ಕ್ರಿ.ಶ. 367ರಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ಇಪ್ಪತ್ತೇಳು ಪುಸ್ತಕ ಅಂತ ಪಟ್ಟಿ ಕೊಟ್ಟರು. ಅದನ್ನ ಈಗ ಇಬ್ಬರೂ ಒಪ್ತಾರೆ.’

ಜಕೀವುಲ್ಲಾ ಎದೆಯುಬ್ಬಿಸಿ ಒಳಬಂದ. ‘ಆ ಪ್ರಸ್ನೆ ವಜಾ! ಒಸ ಒಡಂಬಡಿಕೇಲಿ ಎಸ್ಟು ಪುಸ್ತಕ? ಬರೀರಿ.’

ಎರಡು ಸ್ಲೇಟುಗಳು ಒಟ್ಟಿಗೇ ಎದ್ದವು. 27. 27.

‘ನೋಡಿ! ಆಗಿನ್ ಕಾಲ್ದೋರು ಈ ಇಪ್ಪತ್ತೇಳಕ್ಕೆ ಮುನ್ನೂರು ವರ್ಸ ಕಿತ್ತಾಡಿ ಕೊನೆಗೆ ಒಂದಾದ್ರು. ನೀವು ಒಂದ್ ಕಪ್ಪಿಗೆ ಕಿತ್ತಾಡ್ತೀರಲ್ರಪ್ಪಾ! ಕಪ್ಪು ಇಬ್ರಿಗೂ!’

ಸಭಾಂಗಣ ಚಪ್ಪಾಳೆಯಿಂದ ನಡುಗಿತು. ಅಂತೋಣಪ್ಪ ಅವನನ್ನು ಎತ್ತಿಯೇ ಬಿಟ್ಟರು. ರೂಪಾ ಟೀಚರ್ ಹಾರ ಹಾಕಿದರು. ‘ನಮ್ ಬಾಯ್ ಕಣ್ರಲಾ!’ ಎಂದು ನಾಗಯ್ಯ ಸಿಳ್ಳೆ ಹೊಡೆದ.

‘ಸಾಬ್ರು ನಮ್ ಕಣ್ ತೆರೆಸ್ಬುಟ್ರು. ಇನ್ಮೇಲೆ ಎಲ್ಲಾ ಒಟ್ಗೇಯ!’ ಎಂದು ಅಂತೋಣಪ್ಪ ಮೈಕಿನಲ್ಲಿ ಸಾರಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಜಕೀವುಲ್ಲಾ.

ಗುರುವಾರ ಎರಡೂ ಚರ್ಚಿನವರು ಹಳೆಯ ವ್ಯಾನುಗಳನ್ನು ಮಾರಿ, ಸೇರಿ ಒಂದು ಹೊಸ ವ್ಯಾನು ಕೊಂಡರು. ಮೂರು ವರ್ಷ ಅದರ ಸರ್ವೀಸು ಶೋರೂಮಿನಲ್ಲೇ.