ಜೋಲು ಮೋರೆಯ ಮೀನು ಬೇಟೆ

ಓವಿಡ್ ಬಾಬಿನೋನ ಮನೆಯ ಕಸದ ಡಬ್ಬಿಯಲ್ಲಿ ಅಂಗಡಿ ಮೀನಿನ ಖಾಲಿ ಪೊಟ್ಟಣವೊಂದು ಬಿದ್ದಿರದಿದ್ದರೆ ಈ ರಾಮಾಯಣವೇ ನಡೆಯುತ್ತಿರಲಿಲ್ಲ. ಆದರೆ ಬಿದ್ದಿತ್ತು. ಅದನ್ನು ಪಕ್ಕದ ಮನೆಯ ತಾಂತ್ ಅಜೀಲಿ ನೋಡಿಯೂಬಿಟ್ಟಳು. ಊರಿಗೆಲ್ಲ ‘ತಾಂತ್’, ಅಂದರೆ ಚಿಕ್ಕಮ್ಮ, ಆದ ಆಕೆಗೆ ಕಣ್ಣಿಗೆ ಪೊರೆ ಬಂದು ತನ್ನ ಮನೆಯ ಬೀಗದ ತೂತು ಕಾಣುವುದಿಲ್ಲ. ಕಂಡವರ ಮನೆಯ ಕಸದ ಡಬ್ಬಿಯ ತಳ ಮಾತ್ರ ನಿಚ್ಚಳವಾಗಿ ಕಾಣುತ್ತದೆ.

ಲೂಸಿಯಾನದ ಆ ಅಳಿವೆಯ ದಂಡೆಯಲ್ಲಿ ಈಸ್ಟರ್ ಹಬ್ಬದ ಮುಂಚಿನ ಶುಕ್ರವಾರಗಳಂದು ಯಾರೂ ಮಾಂಸ ಮುಟ್ಟುವುದಿಲ್ಲ, ಊಟಕ್ಕೆ ಮೀನೇ ಆಗಬೇಕು. ಮನೆಯ ಮುಂದೆ ದೋಣಿ ನಿಲ್ಲಿಸಿಕೊಂಡು ಅಂಗಡಿಯ ಮೀನು ತಿನ್ನುವುದೆಂದರೆ ಹಿತ್ತಲಲ್ಲಿ ಹಸು ಕಟ್ಟಿಕೊಂಡು ಹಾಲಿನ ಪುಡಿ ತಂದ ಹಾಗೆ. ಭಾನುವಾರ ಪೂಜೆ ಮುಗಿಯುವಷ್ಟರಲ್ಲಿ ಸುದ್ದಿ ಇಗರ್ಜಿಯ ಮುಂದಿನ ಬೆಂಚಿನಿಂದ ಹಿಂದಿನ ಬೆಂಚಿಗೆ ತಲುಪಿ, ಅಲ್ಲಿಂದ ಇನ್ನಷ್ಟು ಉಪ್ಪುಖಾರ ಹಚ್ಚಿಕೊಂಡು ಓವಿಡ್‌ನ ಹೆಂಡತಿ ಎರ್ಮೀನ್‌ಳ ಕಿವಿಗೆ ಬಿತ್ತು.

ಗುರುವಾರ ರಾತ್ರಿ ಊಟದ ಹೊತ್ತಿಗೆ ಅವಳು ತೀರ್ಪು ಕೊಟ್ಟಳು.

"ನಾಳೆ ಸಾಯಂಕಾಲ ದೋಣಿ ನೋಡೋಕೆ ಒಬ್ಬರು ಬರ್ತಾರೆ. ಫೋನಲ್ಲಿ ಮಾತಾಡಿದ್ದೀನಿ."

"ನಮ್ಮಪ್ಪನ ದೋಣಿ ಕಣೇ ಅದು!"

"ನಿಮ್ಮಪ್ಪ ಮೀನು ಹಿಡೀತಿದ್ರು. ನೀನು ಏನ್ ಹಿಡಿದಿದ್ದೀಯ, ನೆಗಡಿ ಬಿಟ್ಟು? ನಾಳೆ ನಿನ್ ಕೈಯಾರೆ ಹಿಡಿದ ಚುಕ್ಕಿ ಟ್ರೌಟು ಒಂದು ಹೊತ್ತಿನ ಊಟಕ್ಕಾಗುವಷ್ಟು ತಂದ್ರೆ ಬಂದವರನ್ನ ಕಾಫಿ ಕೊಟ್ಟು ಕಳಿಸ್ತೀನಿ. ಇಲ್ಲದಿದ್ರೆ ದೋಣಿ ಕೊಟ್ಟು ಕಳಿಸ್ತೀನಿ."

ಓವಿಡ್‌ಗೆ ಆ ದೋಣಿಯೆಂದರೆ ಪಂಚಪ್ರಾಣ. ಅದರಲ್ಲಿ ಕುಳಿತಾಗ ಮಾತ್ರ ತಾನೂ ಒಬ್ಬ ಗಂಡಸು ಎಂದು ಅವನಿಗೆ ಅನ್ನಿಸುತ್ತಿತ್ತು. ದಂಡೆಗೆ ಬಂದ ಕೂಡಲೇ ಆ ಭಾವನೆ ಇಳಿದುಹೋಗುತ್ತಿತ್ತು, ಅದು ಬೇರೆ ವಿಷಯ.

ಬೆಳಗಾಗುವ ಮುನ್ನವೇ ಅವನು ಹೊರಟ. ಅಳಿವೆಯ ಬಾಯಿಯಲ್ಲಿ ಆಗಲೇ ಊರಿನ ದೋಣಿಗಳೆಲ್ಲ ನೆರೆದಿದ್ದವು. ಅಲ್ಲಿಗೆ ತಲುಪಬೇಕೆನ್ನುವಷ್ಟರಲ್ಲಿ ಓವಿಡ್‌ನ ಮೋಟಾರು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಬೈದರೂ ಏಳಲಿಲ್ಲ, ಒದ್ದರೂ ಏಳಲಿಲ್ಲ. ನೀರಿನ ಸೆಳೆತ ದೋಣಿಯನ್ನು ಮೆಲ್ಲಗೆ ಎಳೆದುಕೊಂಡು ಹೋಗಿ, ಹಿಂದೆಂದೋ ಬಿರುಗಾಳಿಗೆ ಕುಸಿದು ಬಿದ್ದ ಐಸ್ ಕಾರ್ಖಾನೆಯ ಹಿಂದಿನ ಕಿರುಗಾಲುವೆಗೆ ತಳ್ಳಿತು. ಅಲ್ಲಿ ಮೀನಿಲ್ಲವೆಂಬುದು ಊರಿನ ಮಕ್ಕಳಿಗೂ ಗೊತ್ತು. ಎರಡೂ ಬದಿ ಆಳೆತ್ತರದ ಜೊಂಡು, ಅದರ ತುಂಬ ಸೊಳ್ಳೆ.

ಬೇರೆ ದಾರಿ ಕಾಣದೆ ಓವಿಡ್ ಲಂಗರು ಇಳಿಸಿ, ಗಾಳಕ್ಕೆ ನೇರಳೆ ಬಣ್ಣದ ರಬ್ಬರ್ ಸಿಗಡಿ ಸಿಕ್ಕಿಸಿ ಎಸೆದ. ಬೆಂಡು ನೀರಿನ ಮೇಲೆ ಕೂತಿತು. ಮರುಕ್ಷಣ ಮಾಯವಾಯಿತು.

ಎಳೆದರೆ ಬಂದದ್ದು ಚುಕ್ಕಿ ಟ್ರೌಟು! ಬೆಳ್ಳಿಯಂಥ ಮೈ, ಬೆನ್ನ ಮೇಲೆ ಶಾಯಿ ಚಿಮುಕಿಸಿದಂಥ ಚುಕ್ಕಿ. ಅದನ್ನು ಬಿಡಿಸಿ ಮತ್ತೆ ಎಸೆದ. ಮತ್ತೊಂದು ಬಂತು. ಓವಿಡ್‌ನ ಎದೆ ಉಬ್ಬಿತು, ಗಂಟಲಲ್ಲಿ ಒಂದು ಕೂಗು ಹುಟ್ಟಿತು. ಹುಟ್ಟಿದ ಕೂಗನ್ನು ಅವನು ಅಲ್ಲೇ ನುಂಗಿಕೊಂಡ.

ಯಾಕೆಂದರೆ ಆ ಊರಿನಲ್ಲಿ ಹೆಂಡತಿಯ ವಯಸ್ಸನ್ನಾದರೂ ಹೇಳಿಯಾರು, ಮೀನು ಸಿಗುವ ಜಾಗವನ್ನು ಹೇಳುವವರಿಲ್ಲ. ಒಬ್ಬನ ಗಾಳದ ಕೋಲು ಬಾಗಿದ್ದು ಕಂಡರೆ ಸಾಕು, ಬೆಲ್ಲಕ್ಕೆ ನೊಣ ಮುತ್ತಿದಂತೆ ದೋಣಿಗಳು ಮುತ್ತುತ್ತವೆ. ಜೀವಮಾನದಲ್ಲಿ ಮೊದಲ ಬಾರಿಗೆ ಓವಿಡ್‌ಗೆ ಒಂದು ಗುಟ್ಟು ಸಿಕ್ಕಿತ್ತು. ಹಿಡಿದ ಮೀನನ್ನೆಲ್ಲ ದೋಣಿಯ ಮೂತಿಯ ಗೂಡಿನಲ್ಲಿ ಐಸು ಸುರಿದು, ಮೇಲೆ ಮಳೆಯಂಗಿ ಮುಚ್ಚಿ ಬಚ್ಚಿಟ್ಟ. ಕಣ್ಣಿಗೆ ಕಾಣುವ ಐಸ್ ಪೆಟ್ಟಿಗೆಯನ್ನು ಖಾಲಿ ಬಿಟ್ಟು ಬಾಯಿ ತೆರೆದಿಟ್ಟ. ಆಮೇಲೆ ಮುಖವನ್ನು ಜೋಲು ಹಾಕಿಕೊಂಡು ಕುಳಿತ. ಅದಕ್ಕೆ ಮಾತ್ರ ಅವನು ಕಷ್ಟಪಡಬೇಕಾಗಲಿಲ್ಲ, ವರ್ಷಗಳ ಅಭ್ಯಾಸವಿತ್ತು.

ಮೊದಲು ಬಂದವನು ಎರೆಯಂಗಡಿಯ ಕ್ಲೋವಿಸ್. ಮೂರು ದೋಣಿಯಾಚೆಗೂ ಕೇಳುವ ಗಂಟಲು ಅವನದು.

"ಲೋ ಓವಿಡ್! ಇಲ್ಲೇನೋ ಮಾಡ್ತಿದ್ದೀಯ? ಸೊಳ್ಳೆ ಹಿಡೀತಿದ್ದೀಯಾ?"

"ಮೋಟಾರು ಕೈಕೊಡ್ತು ಕಣೋ."

"ಏನಾದ್ರೂ ಸಿಕ್ತಾ?"

"ಏನೂ ಇಲ್ಲ."

ಕ್ಲೋವಿಸ್ ಖಾಲಿ ಪೆಟ್ಟಿಗೆಯನ್ನು ನೋಡಿದ. ಓವಿಡ್‌ನ ಮೋರೆ ನೋಡಿದ. ದೋಣಿ ಮಾರುವ ಸುದ್ದಿ ಊರಿಗೆಲ್ಲ ಗೊತ್ತಿತ್ತು. ಅವನ ಗಂಟಲೂ ತಗ್ಗಿತು. "ಎರ್ಮೀನ್ ಹೇಳಿದ್ದು ಕೇಳ್ದೆ. ತಗೋ, ನಾಲ್ಕಿದಾವೆ. ನೀನೇ ಹಿಡಿದೆ ಅನ್ನು, ನಾನ್ ಬಾಯಿ ಬಿಡಲ್ಲ" ಎಂದು ನಾಲ್ಕು ಟ್ರೌಟನ್ನು ಪೆಟ್ಟಿಗೆಗೆ ಎಸೆದ. ಬೇಡವೆಂದರೆ ಅನುಮಾನ ಬರುತ್ತದೆ. ಹೊಟ್ಟೆ ತುಂಬಿದವನು ತಾನೇ ಬೇಡ ಅನ್ನುವುದು? ಓವಿಡ್ ಕಣ್ಣು ತುಂಬಿ ಬಂದವನಂತೆ ತಲೆಯಾಡಿಸಿದ.

ಕ್ಲೋವಿಸ್ ಅತ್ತ ಹೋದ. ಇತ್ತ ಓವಿಡ್ ಇನ್ನಷ್ಟು ಹಿಡಿದು ಗೂಡಿಗೆ ಸೇರಿಸಿದ. ಆಮೇಲೆ ತಾಂತ್ ಅಜೀಲಿ ಬಂದಳು. ಎಪ್ಪತ್ತು ದಾಟಿದರೂ ತನ್ನ ದೋಣಿಯನ್ನು ತಾನೇ ಓಡಿಸುವವಳು.

"ಅಯ್ಯೋ ನನ್ ಮಗನೇ, ಆ ಪೊಟ್ಟಣದ ವಿಷಯ ನಾನು ಒಬ್ಬರಿಗೇ ಹೇಳಿದ್ದು ಕಣೋ!"

"ಯಾರಿಗೆ, ತಾಂತ್?"

"ಒಬ್ಬೊಬ್ಬರಿಗೇ" ಎಂದಳು ಮುದುಕಿ, ಮೂಗು ಸೀಟಿಕೊಳ್ಳುತ್ತ. ಅವಳ ಪಶ್ಚಾತ್ತಾಪವೂ ನಾಲ್ಕು ಟ್ರೌಟಿನ ರೂಪದಲ್ಲಿ ಪೆಟ್ಟಿಗೆಗೆ ಬಿತ್ತು.

ಫಾದರ್ ನಾರ್ಸಿಸ್ ಬರುವ ಹೊತ್ತಿಗೆ ಓವಿಡ್‌ನ ಗಾಳಕ್ಕೆ ಒಂದು ದೈತ್ಯ ಸಿಕ್ಕಿಕೊಂಡಿತ್ತು. ಪಾದ್ರಿಯ ಹುಲ್ಲು ಟೋಪಿ ಜೊಂಡಿನ ಆಚೆ ಕಂಡದ್ದೇ ತಡ, ಓವಿಡ್ ಕೋಲಿನ ತುದಿಯನ್ನು ನೀರಿಗೆ ಅದ್ದಿ, ಹಿಡಿಯನ್ನು ತೊಡೆಯ ಕೆಳಗೆ ಒತ್ತಿ, ಕೈ ಜೋಡಿಸಿ ಕುಳಿತ. ಮೀನು ಸುಮ್ಮನಿದ್ದೀತೇ? ಲಂಗರಿನ ಸುತ್ತ ದೋಣಿಯನ್ನೇ ಎಳೆದುಕೊಂಡು ಹೊರಟಿತು.

"ಓವಿಡ್, ನಿಮ್ಮ ದೋಣಿ ತಿರುಗ್ತಾ ಇದೆಯಲ್ಲ?" ಎಂದರು ಫಾದರ್.

"ಸೆಳೆತ, ಫಾದರ್."

"ನೀರು ಕನ್ನಡಿ ಥರ ನಿಂತಿದೆಯಲ್ಲಪ್ಪ."

"ಒಳಸೆಳೆತ ಫಾದರ್. ಮೇಲೆ ಕಾಣಲ್ಲ."

ಓವಿಡ್‌ನ ಬೆನ್ನು ಈಗ ಪಾದ್ರಿಯ ಕಡೆಗಿತ್ತು. ಸ್ವಲ್ಪ ಹೊತ್ತಿಗೆ ಮುಖ ಮತ್ತೆ ಬಂತು, ಬೆವರಿನಿಂದ ತೊಯ್ದು ಹೋಗಿತ್ತು. ಜೋಡಿಸಿದ ಕೈ, ಕಚ್ಚಿದ ತುಟಿ, ನಡುಗುವ ಗಲ್ಲ ನೋಡಿ ಪಾದ್ರಿಯ ಕರುಳು ಚುರುಕ್ಕೆಂದಿತು.

"ಬೆಳಗಿಂದ ಒಂದೂ ಇಲ್ವಾ?"

"ಒಂದೂ ಇಲ್ಲ ಫಾದರ್." ಪಾದ್ರಿಗೇ ಸುಳ್ಳು! ಶನಿವಾರ ಪಾಪನಿವೇದನೆಯ ಹೊತ್ತಿಗೆ ಇದನ್ನು ಹೇಗಾದರೂ ಬೇರೆ ಪಾಪಗಳ ನಡುವೆ ತೂರಿಸಬೇಕೆಂದು ಓವಿಡ್ ಅಂದುಕೊಂಡ.

"ಧೈರ್ಯ ತಗೊಳ್ಳಿ. ದೇವರು ಎಲ್ಲ ನೋಡ್ತಾನೆ" ಎಂದು ಫಾದರ್ ಮೂರು ಮೀನು ಕೊಟ್ಟು, ಶಿಲುಬೆಯ ಗುರುತು ಮಾಡಿ ಹೋದರು. ಓವಿಡ್ ದೈತ್ಯನನ್ನು ಮೇಲೆಳೆದ. ತನ್ನ ತೋಳುದ್ದದ ಟ್ರೌಟು! ಅದನ್ನು ಎದೆಗವಚಿಕೊಂಡು, ಯಾರೂ ಇಲ್ಲದ ಆ ಕಾಲುವೆಯಲ್ಲಿ, ಅದರ ಒದ್ದೆ ತಲೆಗೆ ಒಂದು ಮುತ್ತು ಕೊಟ್ಟ.

ತನ್ನ ಮೀನು ಹನ್ನೊಂದಾದವು. ಊಟಕ್ಕೆ ಧಾರಾಳ, ದೋಣಿ ಉಳಿಯಿತು ಎಂದು ಹಿಗ್ಗುತ್ತಿದ್ದವನಿಗೆ ಥಟ್ಟನೆ ಇನ್ನೊಂದು ನೆನಪಾಯಿತು. ಕಾನೂನಿನ ಪ್ರಕಾರ ಒಬ್ಬನ ಬಳಿ ದಿನಕ್ಕೆ ಹದಿನೈದಕ್ಕಿಂತ ಹೆಚ್ಚು ಟ್ರೌಟು ಇರುವಂತಿಲ್ಲ. ದಾನದ ಮೀನು ಸೇರಿಸಿದರೆ ಇಪ್ಪತ್ತೆರಡು! ನೀರಿಗೆ ಎಸೆಯೋಣವೆಂದರೆ ಶಿಲುಬೆಯ ಗುರುತು ಮಾಡಿಸಿಕೊಂಡ ಮೀನು. ಅಷ್ಟರಲ್ಲಿ ಕ್ಲೋವಿಸ್ ಹಗ್ಗ ಹಿಡಿದು ವಾಪಸು ಬಂದ. "ಬಾರೋ, ಎಳ್ಕೊಂಡು ಹೋಗ್ತೀನಿ" ಎಂದವನೇ, ಓವಿಡ್ ಬಾಯಿ ತೆರೆಯುವ ಮೊದಲೇ ದೋಣಿಯನ್ನು ತನ್ನ ದೋಣಿಯ ಹಿಂದಕ್ಕೆ ಬಿಗಿದುಬಿಟ್ಟ.

ದೋಣಿ ಕಟ್ಟುವ ಧಕ್ಕೆಯಲ್ಲಿ ಮೀನು ಇಲಾಖೆಯ ವಾರ್ಡನ್ ಡ್ಯೂಪ್ರೆ ಕಾಯುತ್ತಿದ್ದ. ಬಿಳಿ ಮೀಸೆಯ, ಮಾತು ಕಡಿಮೆಯ ಮನುಷ್ಯ. ಮುಖದ ತುಂಬ ಅದೇಕೋ ಸೊಳ್ಳೆ ಕಚ್ಚಿದ ಗುಳ್ಳೆಗಳು. ಮೆಟ್ಟಿಲ ಮೇಲೆ ಎರ್ಮೀನ್ ನಿಂತಿದ್ದಳು, ತಾಂತ್ ಅಜೀಲಿಯೂ ಫಾದರೂ ಇದ್ದರು.

"ಪೆಟ್ಟಿಗೆ ಸುರೀರಿ. ಆ ಮಳೆಯಂಗಿ ಕೆಳಗೇನಿದೆ? ಅದನ್ನೂ" ಎಂದ ವಾರ್ಡನ್.

ಎಲ್ಲ ಸುರಿದಾಗ ಹಲಗೆಯ ಮೇಲೆ ಮೀನಿನ ಗುಡ್ಡೆಯೇ ಆಯಿತು. ಎರ್ಮೀನ್‌ಳ ಕಣ್ಣು ಅರಳಿತು. ಓವಿಡ್‌ನ ಎದೆ ಒಂದು ಕ್ಷಣ ಉಬ್ಬಿತು.

"ಇಪ್ಪತ್ತೆರಡು" ಎಂದ ವಾರ್ಡನ್. "ಏಳು ಹೆಚ್ಚಿದೆ. ದಂಡ ಬೀಳುತ್ತೆ, ದೋಣಿ ಜಪ್ತಿ ಆದ್ರೂ ಆಗಬಹುದು. ಇದರಲ್ಲಿ ಬೇರೆಯವರದ್ದು ಇದ್ರೆ ಈಗ್ಲೇ ಹೇಳಿ, ಎತ್ಕೊಳ್ಳಿ."

ಜಪ್ತಿ ಎಂಬ ಮಾತು ಕಿವಿಗೆ ಬಿದ್ದದ್ದೇ ಊರಿನ ಪ್ರೀತಿ ಉಕ್ಕಿ ಹರಿಯಿತು.

"ಸಾರ್, ಎಲ್ಲಾ ನಮ್ದೇ! ಪಾಪ ಅಂತ ನಾವು ಕೊಟ್ಟಿದ್ದು. ಇವ್ನು ಒಂದೂ ಹಿಡಿದಿಲ್ಲ" ಎಂದು ಕ್ಲೋವಿಸ್ ಇಡೀ ಧಕ್ಕೆಗೆ ಕೇಳುವಂತೆ ಕೂಗಿದ. ತಾನು ಕೊಟ್ಟದ್ದು ನಾಲ್ಕೇ ಎಂಬುದು ಅವನಿಗೆ ಗೊತ್ತಿತ್ತು. ಮಿಕ್ಕದ್ದು ಬೇರೆಯವರು ಕೊಟ್ಟಿರಬೇಕು ಎಂದುಕೊಂಡ. ಬೇರೆಯವರೂ ಹಾಗೆಯೇ ಅಂದುಕೊಂಡರು. ತಾಂತ್ ಅಜೀಲಿ ನೇರವಾಗಿ ಹೋಗಿ ಆ ದೈತ್ಯ ಟ್ರೌಟನ್ನೇ ಎತ್ತಿಕೊಂಡಳು. "ಇದು ನಂದೇ. ಮುಖ ನೋಡಿದ್ರೇ ಗೊತ್ತಾಗುತ್ತೆ."

"ಫಾದರ್, ನೀವೇನಂತೀರಿ?" ವಾರ್ಡನ್ ಕೇಳಿದ.

"ನಾನೇ ಸಾಕ್ಷಿ. ಬೆಳಗಿಂದ ಒಂದೂ ಸಿಕ್ಕಿಲ್ಲ ಅಂತ ನನ್ನ ಹತ್ರಾನೇ ಹೇಳಿದ್ದಾರೆ. ಪಾಪ, ಕೈ ಜೋಡಿಸಿ ಪ್ರಾರ್ಥನೆ ಮಾಡ್ತಾ ಕೂತಿದ್ರು."

ಓವಿಡ್ ಹೆಂಡತಿಯ ಕಡೆ ನೋಡಿದ. ಅರಳಿದ್ದ ಕಣ್ಣು ಮುದುಡಿತ್ತು. ಇನ್ನು ಗುಟ್ಟು ಕಟ್ಟಿಕೊಂಡು ಆಗುವುದೇನು? ಅವನು ಕಿರುಚಿದ: "ಹನ್ನೊಂದು ನಂದು! ಆ ದೊಡ್ಡದೂ ನಂದೇ! ನಾನೇ ಹಿಡಿದಿದ್ದು!"

"ಎಲ್ಲಿ ಹಿಡಿದ್ಯೋ?" ಕ್ಲೋವಿಸ್ ಕೇಳಿದ.

"ಐಸ್ ಕಾರ್ಖಾನೆ ಹಿಂದೆ, ಆ ಕಾಲುವೇಲಿ!"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಕ್ಲೋವಿಸ್ ಹಗ್ಗದ ಸುರುಳಿಯ ಮೇಲೆ ಕುಸಿದು ಕುಳಿತ. ಫಾದರ್ ಕೂಡ ಟೋಪಿಯನ್ನು ಮುಖಕ್ಕೆ ಅಡ್ಡ ಹಿಡಿದರು. ವಾರ್ಡನ್ ಒಬ್ಬ ಮಾತ್ರ ನಗದೆ ಮೀಸೆ ತೀಡುತ್ತ ನಿಂತಿದ್ದ.

"ಒಂದೂ ಸಿಗಲಿಲ್ಲ ಅಂದಿದ್ರೆ ಸಹಿಸ್ಕೊಳ್ತಿದ್ದೆ ಓವಿಡ್" ಎಂದಳು ಎರ್ಮೀನ್. "ಶುಕ್ರವಾರದ ದಿನ, ಫಾದರ್ ಎದುರಿಗೇ ಇಂಥಾ ಸುಳ್ಳಾ?"

ಕೇಸು ಬೀಳಲಿಲ್ಲ. ಮೀನೂ ಉಳಿಯಲಿಲ್ಲ. ಸಂಜೆ ತಾಂತ್ ಅಜೀಲಿ ಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದ ಮೀನಿನ ತಟ್ಟೆ ತಂದುಕೊಟ್ಟು, "ತಿನ್ನು ಮಗಾ, ಸಂಕೋಚ ಬೇಡ" ಎಂದು ಬೆನ್ನು ಸವರಿ ಹೋದಳು. ಓವಿಡ್ ತಾನು ಮುತ್ತಿಟ್ಟ ಮೀನನ್ನು ದಾನದ ಮೀನೆಂದು ತಿಂದ. ರುಚಿಯಾಗಿತ್ತು, ಅದೇ ಇನ್ನಷ್ಟು ಉರಿಸಿತು.

ತಟ್ಟೆ ಖಾಲಿಯಾಗುವ ಹೊತ್ತಿಗೆ ಮನೆಯ ಮುಂದೆ ಒಂದು ಟ್ರಕ್ಕು ನಿಂತಿತು. ಇಳಿದವನು ವಾರ್ಡನ್ ಡ್ಯೂಪ್ರೆ. ಮೈಮೇಲೆ ಸಮವಸ್ತ್ರವಿರಲಿಲ್ಲ, ಹೂವಿನ ಅಂಗಿ ಇತ್ತು.

"ಇನ್ನೂ ಏನು ಬಾಕಿ ಸಾರ್?" ಓವಿಡ್ ಗಾಬರಿಯಾಗಿ ಎದ್ದ.

"ಏನೂ ಇಲ್ಲಪ್ಪ. ಇವತ್ತಿಗೆ ನನ್ನ ಡ್ಯೂಟಿ ಮುಗೀತು, ನಿವೃತ್ತಿ. ದೋಣಿ ವಿಷಯಕ್ಕೆ ಫೋನ್ ಮಾಡಿದ್ದು ನಾನೇ."

ಎರ್ಮೀನ್ ನಗುನಗುತ್ತ ಕಾಗದಕ್ಕೆ ಸಹಿ ಹಾಕಿ, ಹಣ ಎಣಿಸಿಕೊಂಡು, ಕಾಫಿ ತರಲು ಒಳಗೆ ಹೋದಳು. ಡ್ಯೂಪ್ರೆ ದೋಣಿಯ ಗಾಡಿಯನ್ನು ಟ್ರಕ್ಕಿಗೆ ಸಿಕ್ಕಿಸಿದ. ಓವಿಡ್ ಪಕ್ಕದಲ್ಲಿ ನಿಂತು ದೋಣಿಯ ಅಂಚನ್ನು ಸವರುತ್ತಿದ್ದ. ಆಗ ಡ್ಯೂಪ್ರೆ ಗುಳ್ಳೆ ಎದ್ದ ಕೆನ್ನೆಯನ್ನು ಕೆರೆದುಕೊಳ್ಳುತ್ತ ಮೆಲ್ಲಗೆ ಹೇಳಿದ:

"ನೇರಳೆ ರಬ್ಬರ್ ಸಿಗಡಿ ಅಲ್ವಾ? ಬೆಳಗಿಂದ ಆ ಜೊಂಡಿನೊಳಗೇ ಕಾವಲು ಕೂತಿದ್ದೆ. ಹನ್ನೊಂದು ನಿಮ್ಮದೇ, ಒಂದೊಂದನ್ನೂ ನೋಡಿದ್ದೀನಿ. ಆ ದೊಡ್ಡದಕ್ಕೆ ಕೊಟ್ಟ ಮುತ್ತನ್ನೂ ನೋಡ್ದೆ."

ಓವಿಡ್ ದೋಣಿಯ ಅಂಚನ್ನು ಬಿಟ್ಟು ಅವನ ಕಡೆ ತಿರುಗಿದ. "ಮತ್ತೆ ಧಕ್ಕೇಲಿ ಯಾಕ್ ಸಾರ್ ಹೇಳ್ಲಿಲ್ಲ? ಒಂದು ಮಾತು ಹೇಳಿದ್ರೆ..."

"ಹೇಳಿದ್ರೆ," ಎಂದ ಡ್ಯೂಪ್ರೆ ಟ್ರಕ್ಕು ಹತ್ತುತ್ತ, "ನಿಮ್ಮ ಮನೆಯವರು ದೋಣಿ ಮಾರ್ತಿದ್ರಾ?"