ಚಿಂತಾಮಣಿಯಿಂದ ಸಮುದ್ರಕ್ಕೆ ಇಬ್ಬರು

ನನಗೆ ಕಂಪ್ಯೂಟರು, ಮೊಬೈಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ತಾಲ್ಲೂಕು ಕಚೇರಿಯ ಟಪಾಲು ವಿಭಾಗದಲ್ಲಿ ಸರ್ವಿಸ್ ಪೂರ್ತಿ ಕಳೆದು, ಕೊನೆಯ ಕೆಲವು ವರ್ಷ ಒಂದೇ ಬೆರಳಿನಲ್ಲಿ ಟೈಪ್ ಮಾಡಿ, ಹಾರ, ಶಾಲು ಸಮೇತ ನಿವೃತ್ತನಾದವನು ನಾನು. ಸರ್ಕಾರದ ಪತ್ರಗಳನ್ನೇ ಸರಿಯಾದ ವಿಳಾಸಕ್ಕೆ ಕಳಿಸಿದವನಿಗೆ, ಒಂದು ಕಾರು ಬುಕ್ ಮಾಡಿ ನನ್ನನ್ನು ನಾನೇ ಸಮುದ್ರಕ್ಕೆ ಕಳಿಸಿಕೊಳ್ಳುವುದು ಯಾವ ಮಹಾ ಕೆಲಸ? ಹೀಗೆಂದುಕೊಂಡೇ ಫೋನು ಕೈಗೆತ್ತಿಕೊಂಡೆ. ಕೆಟ್ಟಿದ್ದು ಅಲ್ಲಿಂದಲೇ.

ನಿವೃತ್ತಿಯಾದ ಮೇಲೆ ಇಬ್ಬರೂ ಊರೂರು ಸುತ್ತೋಣ ಎಂದು ನನ್ನ ಹೆಂಡತಿ ಲಲಿತಳಿಗೆ ಮಾತು ಕೊಟ್ಟಿದ್ದೆ. ಅಷ್ಟರಲ್ಲಿ ಅನಂತಪುರದಲ್ಲಿರುವ ಮಗಳು ಸಹನಾಳಿಗೆ ಎರಡನೆಯ ಹೆರಿಗೆಯಾಯಿತು. ಮೊದಲನೆಯದು ತವರಿನಲ್ಲಿ ಆಗಿತ್ತು, ಎರಡನೆಯದು ಗಂಡನ ಮನೆಯಲ್ಲಿ. ಬಾಣಂತನ ಮಾಡಲು ಲಲಿತ ಹೊರಟಳು. ನಾನೂ ಬರುತ್ತೇನೆ ಅಂದೆ. ಬಾಣಂತಿ ಇರುವ ಮನೆಯಲ್ಲಿ ನಿಮಗೇನು ಕೆಲಸ ಅಂದಳು. ನಿಜವೇ. ಆಗ ನನಗೆ ಯಾವ ಮನೆಯಲ್ಲೂ ಕೆಲಸವಿರಲಿಲ್ಲ!

ಒಂಟಿ ಮನೆಯ ಅಭ್ಯಾಸ ನನಗಿಲ್ಲ. ಬೆಳಿಗ್ಗೆ ಎರಡು ಲೋಟ ಕಾಫಿ ಬೆರೆಸಿ, ಎರಡನ್ನೂ ನಾನೇ ಕುಡಿಯುತ್ತಿದ್ದೆ. ಪೇಪರಿನಲ್ಲಿ ಏನಾದರೂ ಓದಿ ‘ಇಲ್ಲಿ ಕೇಳೇ’ ಎಂದು ತಲೆಯೆತ್ತಿದರೆ ಎದುರಿಗೆ ಗೋಡೆ. ಹಾಲಿನವನನ್ನು ಮಾತಿಗೆ ಹಿಡಿದು ನಿಲ್ಲಿಸಿಕೊಳ್ಳಲು ಹೋದೆ, ಅವನು ಪ್ಯಾಕೆಟ್ಟನ್ನು ಗೇಟಿಗೇ ನೇತುಹಾಕಿ ಓಡಿಹೋಗುವುದನ್ನು ಕಲಿತ. ಲಲಿತ ಫೋನು ಮಾಡುತ್ತಿದ್ದಳು, ಇಲ್ಲವೆಂದಲ್ಲ. ಮಗು ನಕ್ಕಿತು, ಮಗು ಸೀನಿತು, ಮಗುವಿಗೆ ಬಿಕ್ಕಳಿಕೆ. ನಾನು ಹೇಗಿದ್ದೇನೆಂದು ಕೇಳುವ ಹೊತ್ತಿಗೆ ಸರಿಯಾಗಿ ಅದು ಅಳುತ್ತಿತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ನನಗೆ ಆ ಮೊಳದುದ್ದದ ಮೊಮ್ಮಗನ ಮೇಲೆ ಹೊಟ್ಟೆಕಿಚ್ಚು! ನನಗೆ ಬೇಕಿದ್ದದ್ದು ದೊಡ್ಡದೇನಲ್ಲ. ‘ನೀವಿಲ್ಲದೆ ಬೇಜಾರು ಕಣ್ರೀ’ ಎಂದು ಅವಳು ಒಂದು ಸಲ ಅನ್ನಬೇಕಿತ್ತು.

ಅವಳಿಂದ ಹಾಗೆ ಅನ್ನಿಸುವುದಕ್ಕೆ ಉಪಾಯ ಹುಡುಕಿದೆ. ಫೋನಿನಲ್ಲಿ ಯಾವುದೋ ಪ್ರವಾಸಿ ಕಂಪನಿಯ ಜಾಹೀರಾತು ಬಂತು. ಯಂತ್ರವೇ ಮಾಡಿದ ಕನ್ನಡ: ‘ಖಾಸಗಿ ಕರಾವಳಿ ವರ್ಗಾವಣೆ, ಮಾರ್ಗಮಧ್ಯದಲ್ಲಿ ಪುರಾತನ ಅವಶೇಷಗಳ ವೀಕ್ಷಣೆಗೆ ನಿಲುಗಡೆ.’ ಜೀವಮಾನವೆಲ್ಲ ವರ್ಗಾವಣೆಯನ್ನು ತಪ್ಪಿಸಿಕೊಂಡವನು ನಾನು. ಈಗ ನಾನಾಗಿಯೇ ಬಯಸಿ ಅರ್ಜಿ ಹಾಕಿದೆ! ಚಿಂತಾಮಣಿಯಿಂದ ಪುದುಚೇರಿಗೆ ಕಾರು, ನಡುವೆ ಜಿಂಜಿ ಕೋಟೆ. ಪ್ರಯಾಣಿಕರು ಎಷ್ಟು ಎಂದು ಕೇಳಿತು. ಇಬ್ಬರು ಎಂದು ಒತ್ತಿದೆ.

ಲಲಿತಳಿಗೆ ಹೆಮ್ಮೆಯಿಂದ ಸುದ್ದಿ ಹೇಳಿದೆ. ಎರಡು ದಿನ ಬಂದು ಹೋಗು, ಸೂರ್ಯ ಸಮುದ್ರದಲ್ಲಿ ಮುಳುಗುವುದನ್ನು ಕೂತು ನೋಡೋಣ ಅಂದೆ. 

“ಅವಶೇಷ ನೋಡಕ್ಕೆ ಅಷ್ಟು ದೂರ ಯಾಕ್ರೀ? ಕನ್ನಡಿ ಮುಂದೆ ನಿಂತ್ಕೊಳಿ” ಎಂದು ನಕ್ಕಳು. ಆಮೇಲೆ ದನಿ ಇಳಿಸಿ, ಮಗುವನ್ನು ಬಿಟ್ಟು ಹೇಗೆ ಬರಲಿ, ಕ್ಯಾನ್ಸಲ್ ಮಾಡಿಬಿಡಿ ಅಂದಳು.

ಮಾಡಿದೆ ಎಂದು ಹೇಳಿದೆ. ಮಾಡಲಿಲ್ಲ. ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಾಯಿಸಿ ಬಸ್ಸು ಹತ್ತಿ ಬಂದೇಬಿಡುತ್ತಾಳೆ ಎಂದು ಒಂದು ಆಸೆ. ಹಿಂದಿನ ದಿನ ಬೀದಿಯಲ್ಲಿ ಆಟೋ ನಿಂತಾಗಲೆಲ್ಲ ಎದ್ದು ಹೋಗಿ ಬಾಗಿಲು ತೆರೆದೆ. ಎಲ್ಲವೂ ಪಕ್ಕದ ಮನೆಗೆ ಬಂದವು.

ಬೆಳಿಗ್ಗೆ ಕಾರು ಬಂತು. ಡ್ರೈವರ್ ಬಾಬಾಜಾನ್ ಮುರುಗಮಲ್ಲದವನು. ಮೊದಲು ಅವನು ಕೇಳಿದ್ದು, ಗಿರಿ ಸುತ್ತುವುದಕ್ಕಾ ಎಂದು. ನಮ್ಮ ಕಡೆಯವರು ಆ ದಾರಿ ಹಿಡಿದರೆ ಬೆಟ್ಟದ ಪ್ರದಕ್ಷಿಣೆಗೆಂದು ತಿರುವಣ್ಣಾಮಲೈಗೇ ಹೋಗುವುದು. ಅಲ್ಲಪ್ಪ, ಸಮುದ್ರಕ್ಕೆ ಅಂದಾಗ ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದ. ಕನ್ನಡಿಗೆ ಕಟ್ಟಿದ್ದ ದರ್ಗಾದ ದಾರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಗಿರಾಕಿಯ ಸಮಾಧಾನಕ್ಕೆ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟ. ಎಲ್ಲ ಸರಿಯಾಗಿ ಗಾಡಿ ಇನ್ನೇನು ಹೊರಡಬೇಕು, ಆಗ ಕೇಳಿದ:

“ಅಮ್ಮೋರು ಎಲ್ಲಿ ಸಾರ್? ಇಬ್ರು ಅಂತ ಬಂದೈತೆ.”

ನೀವೇ ಹೇಳಿ. ಚಕ್ರದ ಕೆಳಗೆ ನಿಂಬೆಹಣ್ಣು ಇರುವಾಗ, ಗಾಡಿ ಹೊರಡುವ ಗಳಿಗೆಯಲ್ಲಿ, ನಮ್ಮ ಕಡೆ ಯಾರಾದರೂ ‘ಇಲ್ಲ’ ಅನ್ನುತ್ತಾರೆಯೆ? ಮನೆಯಲ್ಲಿ ಅಕ್ಕಿ ಮುಗಿದರೂ ‘ತುಂಬಿದೆ’ ಅನ್ನುವ ಜನ ನಾವು. ಹೊರಡುವಾಗ ‘ಹೋಗ್ತೀನಿ’ ಅನ್ನುವುದಕ್ಕೇ ಹೆದರಿ ‘ಬರ್ತೀನಿ’ ಅನ್ನುವವರು. ಹೆಂಡತಿ ಇಲ್ಲ ಎಂದು ಅಪಶಕುನ ನುಡಿಯಲು ನನ್ನ ನಾಲಿಗೆ ಏಳಲಿಲ್ಲ. “ಬರ್ತಾರೆ ಬರ್ತಾರೆ, ಮುಂದೆ ಹತ್ಕೋತಾರೆ” ಅಂದೆ. ನಿಂಬೆಹಣ್ಣು ಪಿಚಕ್ಕೆಂದಿತು. ಗಾಡಿ ಹೊರಟಿತು.

ಊರು ದಾಟಿದ ಮೇಲಾದರೂ ನಿಜ ಹೇಳಬಹುದಿತ್ತು. ಆದರೆ ಆ ಮನುಷ್ಯ ಕೋಲಾರದ ಬಸ್ ಸ್ಟ್ಯಾಂಡಿನ ಮುಂದೆ ಗಾಡಿ ನಿಲ್ಲಿಸಿ, ಇಳಿದು ಹಿಂದಿನ ಸೀಟಿನ ಎಡಭಾಗವನ್ನು ಬಟ್ಟೆಯಿಂದ ಒರೆಸಿದ. ಅಷ್ಟು ಮುತುವರ್ಜಿಯಿಂದ ಒರೆಸಿದ ಸೀಟಿಗೆ ಯಾರೂ ಬರುವುದಿಲ್ಲ ಅನ್ನುವುದು ಹೇಗೆ? ಬಂಗಾರಪೇಟೆಯಲ್ಲಿ ಅವರ ತಂಗಿ ಮನೆ ಅಂದೆ. ಬಂಗಾರಪೇಟೆ ಬಂತು. ತಂಗಿಯ ಜೊತೆ ಮುಂಚೆಯೇ ಬೇರೆ ಗಾಡಿಯಲ್ಲಿ ಹೊರಟುಬಿಟ್ಟಿದ್ದಾರೆ, ಕೋಟೆಯ ಹತ್ತಿರ ಸಿಗುತ್ತಾರೆ ಅಂದೆ. ಲಲಿತಳಿಗೆ ತಂಗಿಯೇ ಇಲ್ಲ. 

ಅಷ್ಟರಲ್ಲಿ ಲಲಿತಳ ಫೋನು! ಎಲ್ಲಿದ್ದೀರಿ, ಏನು ಮಾಡುತ್ತಿದ್ದೀರಿ ಎಂದು ಕೇಳಿದಳು. ಮನೆಯಲ್ಲೇ, ಉಪ್ಪಿಟ್ಟು ಕೆದಕುತ್ತಿದ್ದೇನೆ ಎಂದು ಪಿಸುಗುಟ್ಟಿದೆ. ಹಿಂದಿನಿಂದ ಲಾರಿಯೊಂದು ಹಾರನ್ ಹೊಡೆಯಿತು. ಅವಳು ಉಪ್ಪಿಟ್ಟು ತಳ ಹಿಡಿಸಬೇಡಿ ಎಂದು ಫೋನು ಇಟ್ಟಳು. ಮುಂದೆ ಕೂತ ಬಾಬಾಜಾನ್ ಕನ್ನಡಿಯಲ್ಲಿ ನನ್ನನ್ನು ನೋಡಿ ಮುಗುಳ್ನಕ್ಕ. ಅಮ್ಮೋರದ್ದಾ ಸಾರ್, ಎಲ್ಲಿಗೆ ಬಂದ್ರಂತೆ ಎಂದು ಕೇಳಿದ. ಹತ್ತಿರದಲ್ಲೇ ಇದ್ದಾರಂತೆ ಅಂದೆ. ಒಂದೇ ಕಾರಿನಲ್ಲಿ ಕೂತು ಡ್ರೈವರಿಗೊಂದು ಸುಳ್ಳು, ಹೆಂಡತಿಗೊಂದು ಸುಳ್ಳು. ಸರ್ವಿಸ್‌ನಲ್ಲಿ ಇಷ್ಟು ಚುರುಕಾಗಿದ್ದಿದ್ದರೆ ನಾನು ತಹಶೀಲ್ದಾರನಾಗಿ ನಿವೃತ್ತನಾಗಬಹುದಿತ್ತು!

ಜಿಂಜಿ ಕೋಟೆ ತಲುಪಿದಾಗ ಬಿಸಿಲು ನೆತ್ತಿಯ ಮೇಲಿತ್ತು. ದೊಡ್ಡ ದೊಡ್ಡ ಬಂಡೆಗಳ ಬೆಟ್ಟ, ಮೇಲೆ ಕೋಟೆ, ಕೆಳಗೆ ಬಿದ್ದ ಗೋಡೆಗಳು. ರಾಜರು ಕಟ್ಟಿದ ಅರಮನೆಯಲ್ಲಿ ಕೋತಿಗಳು ಸಂಸಾರ ಮಾಡಿಕೊಂಡಿದ್ದವು. ಬಂದವರೆಲ್ಲ ಜೋಡಿ ಜೋಡಿಯಾಗಿ, ಗುಂಪು ಗುಂಪಾಗಿ ಬಂದಿದ್ದರು. ನಾನು ಒಂದು ಮರದ ನೆರಳು ಹುಡುಕಿ ಕೂತೆ. ಇಷ್ಟು ಹಳೆಯ ಗೋಡೆ ನೋಡು ಎಂದು ತೋರಿಸಲು ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ, ಹಳೆಯ ಗೋಡೆ ಬರೀ ಹಳೆಯ ಗೋಡೆಯೇ ಎಂದು ನನಗೆ ಅಂದು ಗೊತ್ತಾಯಿತು.

ಬಾಬಾಜಾನ್ ಮಾತ್ರ ಸುಮ್ಮನೆ ಕೂರುವವನಲ್ಲ. ಇಷ್ಟು ದೊಡ್ಡ ಜಾಗದಲ್ಲಿ ಅಮ್ಮೋರು ನಿಮ್ಮನ್ನು ಎಲ್ಲಿ ಅಂತ ಹುಡುಕುತ್ತಾರೆ, ನಾನೇ ಕರೆದುಕೊಂಡು ಬರುತ್ತೇನೆ, ಸೀರೆ ಯಾವ ಬಣ್ಣ ಎಂದ. ನಾನು ಯೋಚಿಸಿದೆ. ಅನಂತಪುರದ ಬಸ್ಸು ಹೊರಟಾಗ ಕಿಟಕಿಯಲ್ಲಿ ಕಂಡದ್ದು ಹಸಿರು ಸೀರೆ. ನಾನು ಕೈ ಬೀಸಿದೆ. ಅವಳು ಬಾಣಂತಿಯ ಲೇಹ್ಯದ ಡಬ್ಬ ಒಡೆಯದಂತೆ ಇಡಲು ಜಾಗ ಹುಡುಕುತ್ತಿದ್ದಳು, ನೋಡಲಿಲ್ಲ. “ಹಸಿರು” ಅಂದೆ. 

ಸ್ವಲ್ಪ ಹೊತ್ತಿಗೆ ಬಾಬಾಜಾನ್ ಗೆದ್ದ ಮುಖದಲ್ಲಿ ಬಂದ. ಹಿಂದೆ ಹಸಿರು ಸೀರೆಯ ಹೆಂಗಸೊಬ್ಬರು ಗಾಬರಿಯಿಂದ ಓಡೋಡಿ ಬರುತ್ತಿದ್ದರು. 

“ಸಿಕ್ಕಿದ್ರು ಸಾರ್.”

ಆದದ್ದು ಇಷ್ಟು. ಆ ಹೆಂಗಸಿನ ಗಂಡ ಬೆಟ್ಟ ಹತ್ತಲು ಹೋಗಿದ್ದ. ನಿಮ್ಮ ಯಜಮಾನರು ಕೆಳಗೆ ಸುಸ್ತಾಗಿ ಕೂತಿದ್ದಾರೆ, ನಿಮ್ಮನ್ನೇ ಹುಡುಕುತ್ತಿದ್ದಾರೆ ಎಂದು ಬಾಬಾಜಾನ್ ತನ್ನ ಹರಕು ತಮಿಳಿನಲ್ಲಿ ಹೇಳಿದ್ದಾನೆ. ಆ ತಾಯಿ ಗಂಡನಿಗೆ ಏನೋ ಆಗಿಹೋಯಿತೆಂದು ಓಡಿಬಂದಿದ್ದಾರೆ. ಬಂದು ನೋಡಿದರೆ ನಾನು! ಅವರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಅದೇ ಹೊತ್ತಿಗೆ ಬೆಟ್ಟದಿಂದ ಇಳಿದು ಬಂದ ನಿಜವಾದ ಗಂಡ, ನಾವು ಒಬ್ಬರನ್ನೊಬ್ಬರು ನೋಡುತ್ತಿರುವುದನ್ನು ನೋಡಿದ. ಅವನ ಹಿಂದೆ ಅವನ ಅಣ್ಣತಮ್ಮಂದಿರು. 

ತಮಿಳು ಮಳೆಯಂತೆ ಸುರಿಯಿತು. ನಾನು ನನಗೆ ಬರುವ ಚಿಂತಾಮಣಿಯ ತೆಲುಗಿನಲ್ಲಿ ಕ್ಷಮೆ ಕೇಳಿದೆ. ಅದು ಯಾರಿಗೂ ಅರ್ಥವಾಗಲಿಲ್ಲ. ಕೊನೆಗೆ ಬಾಬಾಜಾನ್ ನನ್ನ ಕಡೆ ತಿರುಗಿ, ಅಮ್ಮೋರು ಎಲ್ಲಿದ್ದಾರೆಂದು ಒಂದು ಸಲ ಫೋನು ಮಾಡಿ ಎಲ್ಲರಿಗೂ ಹೇಳಿಬಿಡಿ ಸಾರ್ ಎಂದು ಅಂಗಲಾಚಿದ. 

“ಬಂದಿಲ್ಲಪ್ಪ” ಅಂದೆ. “ಅವಳು ಬರ್ಲೇ ಇಲ್ಲ. ನಾನೊಬ್ನೇ ಬಂದಿರೋದು.”

ಅವನು ಅದನ್ನು ಅವರಿಗೆ ಹೇಗೆ ಹೇಳಿದನೋ, ಎಲ್ಲರೂ ಸುಮ್ಮನಾದರು. ಹಸಿರು ಸೀರೆಯವರು ನನ್ನ ಮುಖವನ್ನು ಒಂದು ಥರ ನೋಡಿ, ತಮ್ಮ ಬುತ್ತಿಯಿಂದ ಒಂದಿಷ್ಟು ಪುಳಿಯೋಗರೆ ಕೊಟ್ಟರು. ಪಾಪ, ಹೆಂಡತಿ ಬಿಟ್ಟುಹೋದವನು ಎಂದುಕೊಂಡಿರಬೇಕು. ತಿದ್ದುವಷ್ಟು ತಮಿಳು ನನಗೆ ಬರಲಿಲ್ಲ, ಹಸಿವೂ ಆಗಿತ್ತು. ತಿಂದೆ. ಆಮೇಲೆ ಅವರ ಇಡೀ ಕುಟುಂಬವನ್ನು ಕೋಟೆಯ ಮುಂದೆ ನಿಲ್ಲಿಸಿ ಫೋಟೋ ತೆಗೆದುಕೊಟ್ಟೆ. ಅದನ್ನು ನೋಡಿ ಇನ್ನೊಂದು ಕುಟುಂಬ ಬಂತು, ಮತ್ತೊಂದು ಬಂತು. ಒಂಟಿಯಾಗಿ ನಿಂತ ಮನುಷ್ಯ ಎಂದರೆ ಫೋಟೋ ತೆಗೆಯುವವನು ಎಂದು ಲೋಕ ತೀರ್ಮಾನಿಸಿದೆ. ಆ ಮಧ್ಯಾಹ್ನ ಜಿಂಜಿಗೆ ಬಂದವರೆಲ್ಲರ ಫೋಟೋ ತೆಗೆದವನು ನಾನು. ನನ್ನದೊಂದೂ ಇಲ್ಲ!

ಕಾರು ಹತ್ತುವಾಗ ಬಾಬಾಜಾನ್ ಹಿಂದಿನ ಬಾಗಿಲು ತೆರೆಯಲಿಲ್ಲ. ಮುಂದಿನದು ತೆರೆದ. ನಾನು ನಿಂಬೆಹಣ್ಣಿನ ವಿಷಯ ವಿವರಿಸಿದೆ. ಅವನು ಗಂಭೀರವಾಗಿ ಕೇಳಿಸಿಕೊಂಡ.

“ಹೊರಡೋವಾಗ ಇಲ್ಲ ಅನ್ಬಾರ್ದು, ಕರೆಕ್ಟೇ ಸಾರ್. ಆದ್ರೆ ಇಲ್ಲೀವರ್ಗೂ ಹೊರಡ್ತಾನೇ ಇದ್ರಾ?”

ಪುದುಚೇರಿಯ ದಡಕ್ಕೆ ಬಂದಾಗ ಸಂಜೆ. ಕಲ್ಲುಗಳ ಮೇಲೆ ಜಾಗ ಮಾಡಿಕೊಂಡು, ಮೈ ನೆಟ್ಟಗೆ ಮಾಡಿ, ಸೂರ್ಯ ಮುಳುಗುವುದಕ್ಕೆ ಸಮುದ್ರದ ಕಡೆ ಮುಖ ಮಾಡಿ ಕೂತೆ. ಸೂರ್ಯ ಕಾಣಲೇ ಇಲ್ಲ. ಪಕ್ಕದಲ್ಲಿ ಕಡಲೆ ಮಾರುವವಳು ನನ್ನ ಬೆನ್ನ ಹಿಂದೆ ಕೈ ತೋರಿಸಿದಳು. ಅಲ್ಲಿ ಕಟ್ಟಡಗಳ ಹಿಂದೆ, ಒಂದು ನೀರಿನ ಟ್ಯಾಂಕಿನ ಪಕ್ಕದಲ್ಲಿ ಸೂರ್ಯ ಇಳಿಯುತ್ತಿದ್ದ. ಬಂಗಾಳ ಕೊಲ್ಲಿ ಪೂರ್ವಕ್ಕಿದೆ ಎಂದು ಮೂರನೆಯ ಕ್ಲಾಸಿನಲ್ಲೇ ಓದಿದ್ದೆ. ಬುಕ್ ಮಾಡುವಾಗ ನೆನಪಾಗಲಿಲ್ಲ. ಲಲಿತ ಇದ್ದಿದ್ದರೆ ಒಂದು ವರ್ಷ ಇದನ್ನೇ ಹೇಳಿಕೊಂಡು ನಗುತ್ತಿದ್ದಳು. ನಗುವವರು ಇಲ್ಲದೆ ಪೆದ್ದತನ ಮಾಡುವುದರಷ್ಟು ಬೇಜಾರಿನದು ಬೇರೊಂದಿಲ್ಲ. ಕತ್ತಲಾಗುತ್ತಾ ಬಂತು. ನನಗೆ ಸುಮ್ಮನೆ ಅಳು ಬರುವ ಹಾಗಾಯಿತು.

ಆಗ ಅವಳ ಫೋನು ಬಂತು. ಎತ್ತಿದ್ದೇ ತಡ, ಅದೇನು ಸದ್ದು ಎಂದು ಕೇಳಿದಳು. ಅಲೆ ಬಂಡೆಗೆ ಬಡಿಯುತ್ತಿತ್ತು. ಕುಕ್ಕರ್ ಅಂದೆ, ಬೇಳೆಗೆ ಇಟ್ಟಿದ್ದೇನೆ.

“ಭಾರಿ ಕುಕ್ಕರ್ ಕಣ್ರೀ. ನನ್ನ ಫೋನಿಗೆ ಬೆಳಿಗ್ಗೆಯಿಂದ ಮೆಸೇಜ್ ಬರ್ತಾನೇ ಐತೆ. ನಿಮ್ಮ ಡ್ರೈವರ್ ಬಾಬಾಜಾನ್ ಮನೆ ಮುಂದೆ ಇದ್ದಾರೆ, ನೀವು ಕೋಟೆ ತಲುಪಿದ್ದೀರಿ, ಸಮುದ್ರ ತಲುಪಿದ್ದೀರಿ.”

ಗ್ಯಾಸಿಗೆ, ಕರೆಂಟಿಗೆ, ಬ್ಯಾಂಕಿಗೆ ಎಲ್ಲದಕ್ಕೂ ನಮ್ಮ ಮನೆಯಲ್ಲಿ ಅವಳ ನಂಬರೇ ಕೊಡುವುದು. ಮೆಸೇಜು ಓದುವ ಖಾತೆ ಅವಳದು. ಕೈ ಅಭ್ಯಾಸಬಲದಿಂದ ಕಾರು ಬುಕ್ ಮಾಡುವಾಗಲೂ ಅದನ್ನೇ ಒತ್ತಿಬಿಟ್ಟಿದೆ! ಇಡೀ ದಿನ ನಾನು ಉಪ್ಪಿಟ್ಟು ಕೆದಕಿದ್ದು ಅವಳ ಕಣ್ಣ ಮುಂದೆಯೇ. ಬೈಗುಳಕ್ಕೆ ಸಿದ್ಧನಾಗಿ ಕಣ್ಣು ಮುಚ್ಚಿಕೊಂಡೆ. ಅವಳು ಬೈಯಲಿಲ್ಲ.

“ಪ್ರಯಾಣಿಕರು ಇಬ್ಬರು ಅಂತ ಬರ್ದಿತ್ತು. ಅದನ್ನ ಓದಿ ಸುಮ್ನೆ ಕೂತ್ಕೊಂಡ್ಬಿಟ್ಟೆ ಕಣ್ರೀ.” ಆಮೇಲೆ, “ಆ ಕುಕ್ಕರ್ ಹತ್ರ ಫೋನ್ ಹಿಡೀರಿ. ನಾನೂ ಒಂದ್ಸಲ ಕೇಳಣ” ಅಂದಳು.

ಬಂಡೆಗಳ ತುದಿಗೆ ಹೋದೆ. ಪಂಚೆ ನೆನೆಯಿತು, ಚಪ್ಪಲಿಯೊಂದು ಜಾರಿ ನೀರಿಗೆ ಹೋಯಿತು, ಇನ್ನೊಂದನ್ನು ಕಳಚಿ ಬಿಟ್ಟೆ. ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಆರತಿ ಎತ್ತುವವನ ಹಾಗೆ ಅಲೆಗಳ ಕಡೆ ಚಾಚಿ ನಿಂತೆ. ಚಿಕ್ಕ ಅಲೆ ಬಂದಾಗ ಬಗ್ಗಿದೆ, ದೊಡ್ಡದು ಬಂದಾಗ ಎತ್ತಿದೆ. ತೋಳು ಸೋತಿತು. ಜನ ನಿಂತು ನೋಡತೊಡಗಿದರು. ನೋಡಲಿ ಬಿಡಿ. ನನ್ನ ಹೆಂಡತಿಗೆ ಸಮುದ್ರ ಕೇಳಿಸುತ್ತಿದ್ದೆ ನಾನು. “ಕೇಳಿಸ್ತೇನೇ?” ಎಂದು ಫೋನನ್ನು ಕಿವಿಗೆ ತಂದೆ. ಸದ್ದಿಲ್ಲ. ನೋಡಿದರೆ, ಚಾಚಿದ ಸ್ವಲ್ಪ ಹೊತ್ತಿಗೇ ಕರೆ ಕಟ್ಟಾಗಿತ್ತು. ಮಗು ಎದ್ದಿರಬೇಕು.

ಸುತ್ತ ಅಷ್ಟು ಜನ. ಇಷ್ಟು ಹೊತ್ತು ಯಾರಿಗೂ ಅಲ್ಲದೆ ಸಮುದ್ರಕ್ಕೆ ಫೋನು ಹಿಡಿದಿದ್ದೆ ಎಂದು ಗೊತ್ತಾದರೆ ಮರ್ಯಾದೆ ಏನಾಗಬೇಕು? ಫೋನನ್ನು ಕಿವಿಗೆ ಒತ್ತಿಕೊಂಡು ಗಟ್ಟಿಯಾಗಿ, ಹೂಂ ಕಣೇ, ಚೆನ್ನಾಗಿದೆ ಅಲ್ವಾ, ಮುಂದಿನ ಸಲ ಇಬ್ಬರೂ ಬರೋಣ, ಹೌದಾ, ನಿನಗೂ ಬೇಜಾರಾ ಎಂದು ಒಬ್ಬನೇ ಮಾತು ಬೆಳೆಸಿದೆ. ಎಲ್ಲ ಚೆನ್ನಾಗಿಯೇ ನಡೆದಿತ್ತು. ಆಗ ಕಿವಿಯಲ್ಲೇ ಫೋನು ರಿಂಗಾಯಿತು!

ಜನ ಗೊಳ್ಳೆಂದು ನಕ್ಕರು. ನಾನು ಬೆಚ್ಚಿಬಿದ್ದು, ಕೈಗೆ ಸಿಕ್ಕ ಕೆಂಪು ಗುಂಡಿ ಒತ್ತಿಬಿಟ್ಟೆ. ಲಲಿತ ವಾಪಸ್ ಮಾಡಿದ ಕರೆ ಅದು. ತಿಂಗಳುಗಟ್ಟಲೆ ಕಾದದ್ದನ್ನು ಕೈಯಾರೆ ಕತ್ತರಿಸಿದ್ದೆ. ಒದ್ದೆ ಬೆರಳಿನಲ್ಲಿ ತಡಬಡಿಸಿ ಮಾಡಿದೆ, ಬ್ಯುಸಿ. ಮತ್ತೆ ಮಾಡಿದೆ, ಬ್ಯುಸಿ. ಎರಡೂ ಕಡೆಯಿಂದ ಒಂದೇ ಗಳಿಗೆಯಲ್ಲಿ ಮಾಡಿದರೆ ಹಾಗೇ ಆಗುತ್ತದೆ ಸಾರ್ ಎಂದು, ನನ್ನನ್ನು ಹುಡುಕಿಕೊಂಡು ಬಂದಿದ್ದ ಬಾಬಾಜಾನ್ ನನ್ನ ಉಳಿದ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ತಿಳಿಸಿದ. ಅಂತೂ ಆ ಸಂಜೆ ನಾನೂ ಲಲಿತಳೂ ಒಟ್ಟಿಗೆ ಮಾಡಿದ ಕೆಲಸ ಅದೊಂದೇ.